ಸಾಕ್ಸ್ ಹಿಮ್ಮಡಿ ಹತ್ರ ತೂತು ಬೀಳ್ತಿದೆಯಾ?

ಸ್ವೆಟರ್, ಟೋಪಿ ಎಲ್ಲಾ ಸಲೀಸಾಗಿ ಹೆಣೆಯೋರೂ ಸಾಕ್ಸ್ ಅಂದ ಕೂಡಲೇ ಹಿಂದೆ ಸರೀತಾರೆ, ಹಿಮ್ಮಡಿಗೆ ಹೆದರಿ. ನನ್ನ ಕೇಳಿದ್ರೆ ಹಿಮ್ಮಡಿಗಿಂತ ಅಳತೆಯಲ್ಲಿ ಎಡವೋದೇ ಜಾಸ್ತಿ.

ಪಾದದ ಅಗಲವಾದ ಜಾಗಕ್ಕೆ ಟೇಪ್ ಸುತ್ತಿ. 22 ಸೆಂ.ಮೀ. ಬಂದ್ರೆ ಸಾಕ್ಸ್ ಸುತ್ತಳತೆ 20 ಇರಲಿ, ಸ್ವಲ್ಪ ಎಳೆದು ಹಿಡಿದ್ರೇನೇ ಅದು ಜಾರಲ್ಲ. 2.5 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 32 ಕುಣಿಕೆ ಬರೋರಿಗೆ ಒಟ್ಟು 64 ಸಾಕು. ಮೊದಲ ಕುಣಿಕೆಗಳನ್ನ ಎರಡು ಕಡ್ಡಿ ಜೋಡಿಸಿ ಸಡಿಲವಾಗಿ ಹಾಕಿ, ಬಿಗಿಯಾದ್ರೆ ಕಾಲೇ ತೂರಲ್ಲ. ನೂಲಲ್ಲಿ ಕಾಲು ಭಾಗ ನೈಲಾನ್ ಇರಲಿ. ಬರೀ ಉಣ್ಣೆಯಲ್ಲಿ ಹೆಣೆದ ನನ್ನ ಮೊದಲ ಜೊತೆ ಒಂದೇ ಚಳಿಗಾಲಕ್ಕೆ ಸವೆದು ಜರಡಿ ಆಯ್ತು.

ಈಗ ತೂತಿನ ವಿಷಯ. ಹಿಮ್ಮಡಿ ಪಟ್ಟಿ, ಅಂದ್ರೆ ಹಿಮ್ಮಡಿಯ ಹಿಂಭಾಗ ಮುಚ್ಚೋ ತುಂಡು, ಅರ್ಧ ಕುಣಿಕೆಗಳ ಮೇಲೆ, ಅಂದ್ರೆ 32 ಕುಣಿಕೆ, 32 ಸಾಲು. ಪ್ರತಿ ಸಾಲಿನ ಮೊದಲ ಕುಣಿಕೆ ಹೆಣೆಯದೆ ಹಾಗೇ ದಾಟಿಸಿ. ಅಂಚಲ್ಲಿ ಜಡೆ ಥರ 16 ಕುಣಿಕೆ ಎದ್ದು ಕಾಣ್ತವೆ. ಹಿಮ್ಮಡಿ ತಿರುಗಿಸಿದ ಮೇಲೆ (ಪಟ್ಟಿಯ ತಳ ಬಟ್ಟಲಿನ ಥರ ಬಾಗೋ ಹಾಗೆ ಹೆಣೆದ ಮೇಲೆ) ಅವನ್ನ ಕಡ್ಡಿಗೆ ಎತ್ತಿಕೊಳ್ತೀರಲ್ಲ, ಆಗ ಪಟ್ಟಿ ಪಾದದ ಮೇಲ್ಭಾಗಕ್ಕೆ ಸೇರೋ ಮೂಲೆಯಲ್ಲಿ ಇನ್ನೊಂದು ಎತ್ತಿ, ಎರಡೂ ಬದಿ. ಮುಂದಿನ ಸುತ್ತಲ್ಲಿ ಅದನ್ನ ಪಕ್ಕದ್ದರ ಜೊತೆ ಸೇರಿಸಿ ಹೆಣೆದ್ರೆ ತೂತು ಮುಚ್ಚಿಹೋಗುತ್ತೆ.

ಬೆರಳ ತುದಿಗೆ 5 ಸೆಂ.ಮೀ. ಇರುವಾಗ ಕುಣಿಕೆ ಕಡಿಮೆ ಮಾಡೋಕೆ ಶುರು ಮಾಡಿ.

ಇನ್ನೊಂದು, ಮೊದಲನೇದು ಮುಗಿದ ದಿನವೇ ಎರಡನೇದಕ್ಕೆ ಕುಣಿಕೆ ಹಾಕಿಬಿಡಿ. ನಮ್ಮನೆ ಬೀರುವಲ್ಲಿ ಒಂಟಿ ಸಾಕ್ಸ್ ಮೂರಿವೆ.