ಶಿಕ್ಷಣದ ಸಮಾಜಶಾಸ್ತ್ರ: ವಹಿ ಮೊದಲು, ಬೂರ್ದ್ಯೂ ಆಮೇಲೆ

ದಕ್ಷಿಣ ಕನ್ನಡ, ಉಡುಪಿ ಕಡೆಯ ಎಂ.ಎ. ವಿದ್ಯಾರ್ಥಿಗಳಿಗೆ ಶಿಕ್ಷಣದ ಸಮಾಜಶಾಸ್ತ್ರ ಕಲಿಸುವವರಿಗೆ ಮೊದಲು ಅಡ್ಡ ಬರುವುದು ‘ಬುದ್ಧಿವಂತರ ಜಿಲ್ಲೆ’ ಎಂಬ ಹೆಮ್ಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಮರುವರ್ಷ ಅದಲುಬದಲು. ಇಂಥಲ್ಲಿ ‘ಶಾಲೆಯೇ ಅಸಮಾನತೆಯನ್ನು ಮುಂದುವರಿಸುತ್ತದೆ’ ಎಂದು ಬೋರ್ಡಿನ ಮೇಲೆ ಬರೆದರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ, ನಂಬುವುದು ಮಾತ್ರ ಇಲ್ಲ. ಫಲಿತಾಂಶದ ಶೇಕಡಾವಾರು ಎಂದರೆ ಪರೀಕ್ಷೆಗೆ ಕುಳಿತವರಲ್ಲಿ ಪಾಸಾದವರ ಲೆಕ್ಕ. ಹತ್ತು ವರ್ಷ ಹಿಂದೆ ಒಂದನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಆ ಬೆಂಚಿನವರೆಗೆ ಬಂದರು ಎಂಬುದು ಬೇರೆಯೇ ಲೆಕ್ಕ. ಅದರ ಸುಳಿವು ಶಾಲೆಯ ಬೀರುವಿನೊಳಗಿನ ದಾಖಲಾತಿ ವಹಿಯಲ್ಲಿದೆ. ಹಾಗಾಗಿ ನನ್ನ ಸೆಮಿಸ್ಟರಿನ ಮೊದಲರ್ಧ ವಹಿಗೆ, ಉಳಿದದ್ದು ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದ್ಯೂ ಮೊದಲಾದವರ ಸಿದ್ಧಾಂತಕ್ಕೆ.

ಶಾಲೆ ಆರಿಸುವಾಗ ನಾನು ನೋಡುವುದು ಎರಡೇ: ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲುಪಬೇಕು, ಶಾಲೆಗೆ ಕನಿಷ್ಠ ಎಪ್ಪತ್ತು ವರ್ಷ ಆಗಿರಬೇಕು. ಹಿಂದೆ ಜಿಲ್ಲಾ ಬೋರ್ಡು ನಡೆಸುತ್ತಿದ್ದ ಹಳೆಯ ಬೋರ್ಡ್ ಶಾಲೆಗಳು, ಅನುದಾನಿತ ಶಾಲೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಸರಕಾರಿ ಶಾಲೆಯಾದರೆ ವಿಭಾಗದ ಮುಖ್ಯಸ್ಥರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಅರ್ಜಿ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕ) ಅವರಿಗೆ ಪ್ರತಿ. ಅನುದಾನಿತ ಶಾಲೆಯಾದರೆ ಸಂಚಾಲಕರ ಒಪ್ಪಿಗೆಯೂ ಬೇಕು. ‘ಅಧ್ಯಯನದ ಉದ್ದೇಶಕ್ಕಾಗಿ’ ಎಂದಷ್ಟೇ ಬರೆದ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ. ಯಾವ ವರ್ಷಗಳ ವಹಿ, ಯಾವ ಕಾಲಂಗಳು, ಎಷ್ಟು ಮಂದಿ, ಎಷ್ಟು ದಿನ, ಹೆಸರು ನಕಲು ಮಾಡುವುದಿಲ್ಲ ಎಂಬ ಮಾತು, ಈ ಐದೂ ಒಂದೇ ಪುಟದಲ್ಲಿರಬೇಕು. ಜೂನ್‌ನಲ್ಲಿ ಹೋಗಬಾರದು, ಆಗ ಹೆಡ್‌ಮಾಸ್ಟ್ರಿಗೆ ಟಿಸಿ ಮತ್ತು ದಾಖಲಾತಿಯ ಗಡಿಬಿಡಿ. ಜುಲೈಯಲ್ಲಿ ಮಳೆ ರಜೆ ಯಾವಾಗ ಘೋಷಣೆಯಾಗುತ್ತದೋ ಹೇಳಲಾಗದು. ಆಗಸ್ಟ್ ನಡುವಿನಿಂದ ದಸರಾ ರಜೆಯವರೆಗಿನ ಅವಧಿ ಒಳ್ಳೆಯದು. ಈ ಕೆಲಸವನ್ನು ಪ್ರಾಯೋಗಿಕ ಎಂದು ವೇಳಾಪಟ್ಟಿಯಲ್ಲೇ ನಮೂದಿಸಿಕೊಳ್ಳಿ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ. ವೇಳಾಪಟ್ಟಿಯಲ್ಲಿ ಇಲ್ಲದ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಹಿಯಲ್ಲಿ ನಮಗೆ ಬೇಕಾದ ಕಾಲಂಗಳು ಇವು: ದಾಖಲಾತಿ ಸಂಖ್ಯೆ, ಸೇರಿದ ದಿನಾಂಕ ಮತ್ತು ತರಗತಿ, ಪೋಷಕರ ಉದ್ಯೋಗ, ಜಾತಿ, ಮಾತೃಭಾಷೆ, ಬಿಟ್ಟ ದಿನಾಂಕ, ಬಿಡುವಾಗಿನ ತರಗತಿ, ಬಿಟ್ಟ ಕಾರಣ. ಹತ್ತು ವರ್ಷಕ್ಕೊಂದರಂತೆ 1955, 1965, 1975, 1985, 1995ರಲ್ಲಿ ಒಂದನೇ ತರಗತಿಗೆ ಸೇರಿದ ಎಲ್ಲರನ್ನೂ ತೆಗೆದುಕೊಳ್ಳುತ್ತೇವೆ. ಒಂದು ವರ್ಷದಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರೆ ಮರುವರ್ಷದವರನ್ನೂ ಸೇರಿಸುತ್ತೇವೆ. ವಹಿಯ ಹತ್ತಿರ ಪೆನ್ನು ನಿಷೇಧ, ಪೆನ್ಸಿಲ್ ಮಾತ್ರ. ಮೊಬೈಲಿನಲ್ಲಿ ಫೋಟೊ ಹೊಡೆಯುವಂತಿಲ್ಲ; ಜಾತಿಯೂ ಹೆಸರೂ ಒಟ್ಟಿಗಿರುವ ಪುಟ ಯಾರ ಫೋನಿನಲ್ಲೂ ಕೂರಬಾರದು. ಇತ್ತೀಚಿನ ವರ್ಷಗಳ ವಿವರ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿದೆ, ಅದರ ಲಾಗಿನ್ ಕೇಳುವುದೇ ತಪ್ಪು.

ಕಾಲಂಗಳನ್ನು ಬರೆದದ್ದು ಬರೆದಂತೆ ನಂಬಿದರೆ ಕೆಲಸ ಕೆಟ್ಟಿತು. ಹಳೆಯ ಪುಟಗಳಲ್ಲಿ ಜೂನ್ ಒಂದನೇ ತಾರೀಕಿಗೆ ಹುಟ್ಟಿದ ಮಕ್ಕಳ ಜಾತ್ರೆಯೇ ಸಿಗುತ್ತದೆ. ಸೇರಿಸಲು ತಕ್ಕ ವಯಸ್ಸು ಬರಲೆಂದು ಮಾಸ್ಟ್ರೇ ಕೊಟ್ಟ ದಿನಾಂಕ ಅದು, ವಯಸ್ಸಿನ ಲೆಕ್ಕಕ್ಕೆ ಬಳಸಬಾರದು. ಮಾತೃಭಾಷೆಯ ಕಾಲಂನಲ್ಲಿ ಸಾಲುಸಾಲಾಗಿ ‘ಕನ್ನಡ’ ಇದ್ದರೆ ಊರಲ್ಲಿ ತುಳು, ಬ್ಯಾರಿ, ಕೊಂಕಣಿ ಇರಲಿಲ್ಲ ಎಂದಲ್ಲ. ಕಲಿಕೆಯ ಮಾಧ್ಯಮವನ್ನೇ ಅಲ್ಲಿಗೂ ಇಳಿಸಿರುತ್ತಾರೆ. ಉದ್ಯೋಗದ ಕಾಲಂ ಇನ್ನೂ ಜಾರುವಂಥದ್ದು. ‘ಕೂಲಿ’ ಎಂಬ ಒಂದೇ ಪದದಲ್ಲಿ ತೋಟದಾಳು, ಹೆಂಚಿನ ಕಾರ್ಖಾನೆಯವರು, ಬಂದರಿನ ಹಮಾಲಿ ಎಲ್ಲರೂ ಇದ್ದಾರು. ಬರೆದಿರುವುದು ಹೆಚ್ಚಾಗಿ ತಂದೆಯ ಕೆಲಸ. ಮನೆಯಲ್ಲಿ ಬೀಡಿ ಕಟ್ಟಿ ಮಗುವಿನ ಪುಸ್ತಕಕ್ಕೆ ದುಡ್ಡು ಹೊಂದಿಸಿದ ತಾಯಿ ಅಲ್ಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಒಡೆಯರಾದದ್ದು ‘ಒಕ್ಕಲು’, ‘ಬೇಸಾಯ’ ಎಂಬ ಪದಗಳ ಪ್ರಮಾಣದಲ್ಲಿ ಕಾಣುತ್ತದೆಯೇ ಎಂದು ನಾನು ಹುಡುಕಿಸುತ್ತೇನೆ. ಕಾಣದಿದ್ದರೂ ಅದು ಫಲಿತಾಂಶವೇ.

ಜಾತಿಯ ಕಾಲಂನಲ್ಲಿ ಇಂದಿನ ಮೀಸಲಾತಿ ಪಟ್ಟಿಯನ್ನು ಹಿಂದಕ್ಕೆ ಹೊಂದಿಸುವುದು ಎಲ್ಲರೂ ಮಾಡುವ ತಪ್ಪು. 1956ರ ನವೆಂಬರ್ ತನಕ ಇದು ಮದ್ರಾಸಿಗೆ ಸೇರಿದ ಜಿಲ್ಲೆ. ಹಿಂದುಳಿದ ವರ್ಗಗಳನ್ನು ಗುರುತಿಸಿದ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ, ಅದರ ಮೇಲಿನ ಸರಕಾರಿ ಆದೇಶ 1977ರಲ್ಲಿ. 1955ರ ಮಗುವನ್ನು ‘ಪ್ರವರ್ಗ’ಕ್ಕೆ ಹಾಕಿದರೆ ಇತಿಹಾಸ ತಲೆಕೆಳಗಾಗುತ್ತದೆ. ತರಗತಿಗಳೂ ಒಂದೇ ಅಲ್ಲ: ಮದ್ರಾಸ್ ಕಾಲದ ಹೈಯರ್ ಎಲಿಮೆಂಟರಿ ಶಾಲೆ ಎಂಟನೆಯವರೆಗೆ ಇತ್ತು, ಆಮೇಲಿನ ಹಿರಿಯ ಪ್ರಾಥಮಿಕ ಏಳಕ್ಕೆ ಮುಗಿಯುತ್ತಿತ್ತು. ‘ಕೊನೆಯ ತರಗತಿ ಮುಗಿಸಿದವರು’ ಎಂದು ಕೋಡ್ ಮಾಡುವ ಮುನ್ನ ಇದನ್ನು ಸರಿಪಡಿಸಿಕೊಳ್ಳಬೇಕು. ‘ಬಿಟ್ಟವರು’ ಎಂದರೆ ಓದು ನಿಲ್ಲಿಸಿದವರು ಎಂದೂ ಅಲ್ಲ. ಪಕ್ಕದ ಶಾಲೆಗೆ ಹೋಗಿರಬಹುದು. ಟಿಸಿ ಪುಸ್ತಕದ ಪ್ರತಿಯ ಜತೆ ತಾಳೆ ನೋಡಿ, ಟಿಸಿ ಒಯ್ಯದೆ ‘ದೀರ್ಘ ಗೈರುಹಾಜರಿ’ ಎಂದು ಹೆಸರು ತೆಗೆದವರನ್ನು ಬೇರೆ ಮಾಡುತ್ತೇವೆ. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳನ್ನು ಈಚಿನ ವರ್ಷಗಳಲ್ಲಿ ನೋಡುವುದಾದರೆ ಈ ಕ್ರಮ ಸಾಲದು. ಅವರು ವರ್ಷದ ನಡುವೆ ಸೇರಿ ನಡುವೆಯೇ ಹೋಗುತ್ತಾರೆ, ಒಂದನೇ ತರಗತಿಯ ಸಾಲಿನಲ್ಲಿ ಸಿಗುವುದೇ ಇಲ್ಲ.

ಕೋಷ್ಟಕ ಮಾಡುವಾಗ ಹುಮ್ಮಸ್ಸು ಜಾಸ್ತಿಯಾಗುತ್ತದೆ. ಐದು ಉದ್ಯೋಗ, ಬಿಟ್ಟ ಹಂತ ನಾಲ್ಕು, ವರ್ಷ ಐದು: 100 ಕೋಣೆ. ನಮ್ಮಲ್ಲಿರುವುದು 150 ಸಾಲು. ಕೋಣೆಗೆ ಒಂದೂವರೆ ಮಗು! ಆದ್ದರಿಂದ ಉದ್ಯೋಗವನ್ನು ಎರಡಾಗಿ (ಕೂಲಿ, ಉಳಿದದ್ದು), ಹಂತವನ್ನು ಎರಡಾಗಿ (ಐದರೊಳಗೆ ಬಿಟ್ಟವರು, ಮುಂದೆ ಹೋದವರು) ಇಳಿಸುತ್ತೇವೆ. 20 ಕೋಣೆ ಉಳಿಯುತ್ತದೆ, ಸರಾಸರಿ ಏಳೆಂಟು ಮಕ್ಕಳು. ಆಗಲೂ ಶೇಕಡಾವಾರಿನ ಪಕ್ಕ ಮೂಲ ಸಂಖ್ಯೆ ಇರಲೇಬೇಕು.

ಇಷ್ಟಾದ ಮೇಲೆ ಬೂರ್ದ್ಯೂ ಬಂದರೆ ಪಾಠ ಹಗುರ. ಆತನ ‘ಸಾಂಸ್ಕೃತಿಕ ಬಂಡವಾಳ’ಕ್ಕೆ, ಅಂದರೆ ಮನೆ-ಪರಿಸರದಿಂದ ಬಂದು ಆಸ್ತಿಯಂತೆ ಕೆಲಸಕ್ಕೆ ಬರುವ ಮಾತು, ತಿಳಿವಳಿಕೆ, ಅಭಿರುಚಿಗೆ, ನಾನು ತಾಳಮದ್ದಲೆಯನ್ನೇ (ವೇಷ, ಕುಣಿತವಿಲ್ಲದ, ಮಾತಿನ ಯಕ್ಷಗಾನ) ಎತ್ತಿಕೊಳ್ಳುತ್ತೇನೆ. ಹೆಚ್ಚು ಶಾಲೆ ಕಾಣದ ಅರ್ಥಧಾರಿಯೂ (ಅದರಲ್ಲಿ ಪಾತ್ರವಾಗಿ ಮಾತಾಡುವವನು) ಎದುರಾಳಿಯ ವಾದವನ್ನು ಎಳೆಎಳೆಯಾಗಿ ಬಿಡಿಸಿ ಉತ್ತರ ಕೊಡಬಲ್ಲ, ಅದೂ ಮನೆಮಾತು ತುಳುವಾಗಿದ್ದು ಕನ್ನಡದಲ್ಲಿ. ಇದು ಬಂಡವಾಳವೇ ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ಸಾಮರ್ಥ್ಯ ಇದ್ದರೆ ಸಾಲದು, ಅದು ಅಂಕ, ಸರ್ಟಿಫಿಕೇಟು, ಕೆಲಸ ಆಗಿ ಬದಲಾದಾಗ ಮಾತ್ರ ಬಂಡವಾಳ. ಬದಲಾಯಿಸಿಕೊಡುವ ಅಧಿಕಾರ ಶಾಲೆಯ ಕೈಯಲ್ಲಿದೆ. ಈ ಒಂದು ಮಾತು ಹಿಡಿದರೆ ಅರ್ಧ ಸೆಮಿಸ್ಟರು ಗೆದ್ದಂತೆ. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಬರ್ನ್‌ಸ್ಟೈನ್‌ನ ‘ಸೀಮಿತ ಸಂಕೇತ’ವನ್ನು (ಸಂದರ್ಭ ಗೊತ್ತಿರುವವರ ನಡುವಿನ ಬಿಡಿಸಿ ಹೇಳದ ಮಾತು) ತುಳುವಿಗೆ ಅಂಟಿಸುವ ಉತ್ತರಪತ್ರಿಕೆಗಳಿಗೂ ಅದೇ ಉದಾಹರಣೆ ಮದ್ದು. ಸಂಕೇತ ಎಂದರೆ ಭಾಷೆಯಲ್ಲ, ಎದುರಿನವರಿಗೆ ಎಷ್ಟು ಬಿಡಿಸಿ ಹೇಳಬೇಕಾಗುತ್ತದೆ ಎಂಬ ಸಂದರ್ಭದ ಗುಣ. ಸಮಾಜಶಾಸ್ತ್ರದ ಆರಂಭಿಕರಲ್ಲೊಬ್ಬನಾದ ದುರ್ಖೈಮ್‌ಗೆ ನಾನು ಕೊಡುವುದು ಒಂದೇ ವಾರ, ಅಷ್ಟು ಸಾಕು.

ಆಂತರಿಕ 30 ಅಂಕದಲ್ಲಿ ಕ್ಷೇತ್ರ ಪುಸ್ತಕಕ್ಕೆ 10, ಕೋಷ್ಟಕ ಮತ್ತು ವಿವರಣೆಗೆ 10, ಮೌಖಿಕಕ್ಕೆ 10. ಮೌಖಿಕದಲ್ಲಿ ಕೋಷ್ಟಕದ ಒಂದು ಕೋಣೆ ತೋರಿಸಿ ‘ಇದರೊಳಗೆ ಯಾರಿದ್ದಾರೆ, ಯಾರು ಇರಬೇಕಿತ್ತು, ಬಿಟ್ಟುಹೋದದ್ದು ಏಕೆ’ ಎಂದು ಕೇಳುತ್ತೇನೆ. ವಹಿ ಮುಟ್ಟದೆ ಗೆಳೆಯನದನ್ನು ನಕಲು ಮಾಡಿದವರು ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ.

ಕೊನೆಗೆ ಶಾಲೆಗೆ ಕನ್ನಡದಲ್ಲಿ ಒಂದು ಪುಟ ಕೊಡಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಮೊದಲೇ. ಯಾವ ದಶಕದಲ್ಲಿ ಯಾವ ತರಗತಿಯಲ್ಲಿ ಮಕ್ಕಳು ಉದುರಿದರು ಎಂಬುದಷ್ಟೇ ಅದರಲ್ಲಿರಲಿ. ಜಾತಿಯ ಕೋಷ್ಟಕ ಬೇಡ, ಐದಕ್ಕಿಂತ ಕಡಿಮೆ ಮಕ್ಕಳಿರುವ ಕೋಣೆಯೂ ಬೇಡ. ಸಣ್ಣ ಊರಲ್ಲಿ ಹೆಸರಿಲ್ಲದಿದ್ದರೂ ಆ ಮೂವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.