ಗಾಲಿಯ ಮೇಲೆ ಮನೆ, ಮನೆಯೊಳಗೆ ಮಕ್ಕಳು: ನ್ಯೂಜಿಲೆಂಡಿನಲ್ಲಿ ಒಂಬತ್ತು ದಿನ

ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿಯ ಘಾಟು ಎದ್ದಿತು, ನೆತ್ತಿಯ ಮೇಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಟೆಕಾಪೊ ಸರೋವರದ ದಡದಲ್ಲಿ, ರಾತ್ರಿ ಎಂಟು ಗಂಟೆಗೆ. ಆಗಷ್ಟೇ ಮಲಗಿದ್ದ ಮೂರು ವರ್ಷದ ಮಗಳು ಎದ್ದು ಅಳತೊಡಗಿದಳು. ಆರು ವರ್ಷದ ಮಗ ಟವೆಲ್ ಬೀಸುತ್ತಾ ಕುಣಿದ. ಪಕ್ಕದ ವ್ಯಾನಿನ ವೃದ್ಧ ದಂಪತಿ ಪರದೆ ಸರಿಸಿ ನೋಡಿದರು. ಕ್ಯಾಂಪರ್‌ವ್ಯಾನಿನೊಳಗೆ ಒಗ್ಗರಣೆ ಹಾಕಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ಇಂಥ ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಪಡೆದು ಸುತ್ತುವುದಕ್ಕೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಹೇಳಿ ಮಾಡಿಸಿದ ಜಾಗ. ನಮ್ಮಂತೆಯೇ ಅಲ್ಲಿಯೂ ಎಡಗಡೆ ಸಂಚಾರ. ರಸ್ತೆಯಲ್ಲಿ ವಾಹನ ಕಡಿಮೆ, ಊರೂರಿನಲ್ಲಿ ಮಕ್ಕಳ ಆಟದ ಮೈದಾನವಿದೆ, ನಲ್ಲಿಯ ನೀರನ್ನು ಸಾಮಾನ್ಯವಾಗಿ ಹಾಗೆಯೇ ಕುಡಿಯಬಹುದು. ಆದರೆ ಮಕ್ಕಳಿಲ್ಲದವರು ಬರೆದ ಪ್ರವಾಸ ಯೋಜನೆಯನ್ನು ಹಿಡಿದು ಹೊರಟರೆ ಮೂರನೇ ದಿನಕ್ಕೇ ಮನೆಮಂದಿಯೆಲ್ಲ ಮುಖ ಊದಿಸಿಕೊಂಡು ಕೂರುತ್ತೀರಿ.

ಹೆಜ್ಜೆ 1: ತಿಂಗಳನ್ನು ಆರಿಸಿ

ಅಲ್ಲಿ ಬೇಸಿಗೆ ಎಂದರೆ ಡಿಸೆಂಬರ್‌ನಿಂದ ಫೆಬ್ರುವರಿ. ಆಗ ಅಲ್ಲಿನ ಶಾಲೆಗಳಿಗೂ ರಜೆ, ಬಾಡಿಗೆ ದುಬಾರಿ, ತಂಗುದಾಣಗಳು ಭರ್ತಿ. ನಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್ ಅಲ್ಲಿ ಎಲೆ ಹಳದಿಯಾಗುವ ಶರತ್ಕಾಲ. ರಾತ್ರಿ ಚಳಿ ಕಚ್ಚುತ್ತದೆ, ಹಗಲು ಹಿತವಾಗಿರುತ್ತದೆ. ಈಸ್ಟರ್ ವಾರಾಂತ್ಯವನ್ನು ಮಾತ್ರ ತಪ್ಪಿಸಿಕೊಳ್ಳಿ.

ಏಪ್ರಿಲ್‌ಗೆ ಇನ್ನೊಂದು ಗುಣವಿದೆ. ಟೆಕಾಪೊ ಸುತ್ತಲಿನ ಪ್ರದೇಶ 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಎಂದು, ಅಂದರೆ ನಕ್ಷತ್ರ ಕಾಣಲೆಂದು ಕೃತಕ ಬೆಳಕಿಗೆ ಮಿತಿ ಹಾಕಿದ ಪ್ರದೇಶವೆಂದು, ಘೋಷಣೆಯಾದ ಜಾಗ. ಡಿಸೆಂಬರಿನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ, ನಕ್ಷತ್ರ ಮೂಡುವ ಹೊತ್ತಿಗೆ ಮಕ್ಕಳಿಗೆ ಅರ್ಧ ನಿದ್ದೆ ಮುಗಿದಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ಸಂಜೆ ಆರರ ಸುಮಾರಿಗೇ ಸೂರ್ಯಾಸ್ತ. ಊಟ ಮುಗಿಸಿ, ಕಂಬಳಿ ಹೊದ್ದು ಹೊರಗೆ ನಿಂತರೆ ನಕ್ಷತ್ರಪುಂಜದ ಬೇಟೆಗಾರ ಮಹಾವ್ಯಾಧ ತಲೆಕೆಳಗಾಗಿ ತೂಗಾಡುತ್ತಿರುತ್ತಾನೆ. ‘ಅಪ್ಪಾ, ಅವನು ಬೀಳುವುದಿಲ್ಲವೇ?’ ಎಂದು ಮಗ ಕೇಳಿದ್ದಕ್ಕೆ ಉತ್ತರ ಹೇಳಲು ನನಗೆ ಹದಿನೈದು ನಿಮಿಷ ಬೇಕಾಯಿತು.

ಭಾರತದ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕಡ್ಡಾಯ, ಕಂಕುಳ ಕೂಸಿಗೂ. ಟಿಕೆಟ್‌ಗಿಂತ ಮೊದಲು ಆ ಕೆಲಸ ಶುರುವಾಗಲಿ.

ಹೆಜ್ಜೆ 2: ಹಾಸಿಗೆ ಎಣಿಸಬೇಡಿ, ಸೀಟು ಎಣಿಸಿ

ನಾವು ಎಡವಿದ್ದು ಇಲ್ಲಿ. ‘ನಾಲ್ಕು ಜನ ಮಲಗಬಹುದು’ ಎಂದು ಬರೆದಿದ್ದ ವ್ಯಾನನ್ನು ಮೊದಲು ಕಾದಿರಿಸಿದ್ದೆವು. ಅದರ ಹಿಂದಿನ ಆಸನದಲ್ಲಿ ಮಕ್ಕಳ ಸೀಟು ಕೂರಿಸಲು ಬೇಕಾದ ಕೊಂಡಿಯೇ ಇರಲಿಲ್ಲವೆಂದು ತಿಳಿದದ್ದು ಎರಡು ತಿಂಗಳ ಬಳಿಕ. ಆ ಹೊತ್ತಿಗೆ ದೊಡ್ಡ ವ್ಯಾನುಗಳ ಬಾಡಿಗೆ ಏರಿತ್ತು.

ನ್ಯೂಜಿಲೆಂಡಿನ ಕಾನೂನಿನಂತೆ ಏಳು ವರ್ಷ ತುಂಬುವವರೆಗೆ ಮಗುವನ್ನು ಮಾನ್ಯತೆ ಪಡೆದ ಮಕ್ಕಳ ಸೀಟಿನಲ್ಲೇ ಕೂರಿಸಬೇಕು. ಏಳು ತುಂಬಿ ಎಂಟಾಗುವವರೆಗೆ, ವಾಹನದಲ್ಲಿ ಅಂಥ ಸೀಟು ಇದ್ದರೆ ಬಳಸಲೇಬೇಕು. ತಪ್ಪಿದರೆ ದಂಡ ಕಟ್ಟಬೇಕಾದವರು ಚಾಲಕರು. ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲೇ ಬಿಡಿ. ವ್ಯಾನ್ ಚಲಿಸುತ್ತಿರುವಾಗ ಹಿಂದಕ್ಕೆ ಎದ್ದು ಹೋಗಿ ಹಾಲು ಬಿಸಿ ಮಾಡುವುದೂ ಆಗದ ಮಾತು.

ಹಾಗಾಗಿ ಬಾಡಿಗೆ ಕಂಪನಿಗೆ ಮಕ್ಕಳ ವಯಸ್ಸು, ತೂಕ, ಎತ್ತರ ಬರೆದು ಇಷ್ಟು ಕೇಳಿ: ಈ ಮಾದರಿಯಲ್ಲಿ ಎಷ್ಟು ಮಕ್ಕಳ ಸೀಟು ಹಿಡಿಯುತ್ತವೆ? ಯಾವ ಆಸನದಲ್ಲಿ? ಅದು ಮುಂದಕ್ಕೆ ಮುಖ ಮಾಡಿದೆಯೇ? ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಇಬ್ಬರು ಮಕ್ಕಳಿದ್ದರೆ ಆರು ಜನರ ವ್ಯಾನ್ ಉತ್ತಮ ಎಂಬುದು ನನ್ನ ಅನುಭವ. ಒಂದು ಹಾಸಿಗೆಯನ್ನು ಹಗಲೂ ಮಡಚದೆ ಹಾಗೆಯೇ ಬಿಡಬಹುದು. ಪ್ರತಿ ರಾತ್ರಿ ಮೇಜು ಇಳಿಸಿ, ದಿಂಬು ಜೋಡಿಸಿ ಮಂಚ ಮಾಡುವ ಕೆಲಸ ಮೊದಲ ದಿನ ಆಟ, ನಾಲ್ಕನೇ ದಿನ ಶಿಕ್ಷೆ. ಚಾಲಕನ ತಲೆಯ ಮೇಲಿನ ಅಟ್ಟದ ಹಾಸಿಗೆಗೆ ಮಕ್ಕಳು ಹಾತೊರೆಯುತ್ತಾರೆ. ಅಲ್ಲಿ ಹಗಲು ಆಡಲಿ, ರಾತ್ರಿ ಚಿಕ್ಕವರನ್ನು ಕೆಳಗೇ ಮಲಗಿಸಿ.

ಇಂಗ್ಲಿಷಿನಲ್ಲಿರುವ ನಮ್ಮ ಕಾರಿನ ಪರವಾನಗಿ ಅಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಪರವಾನಗಿಯನ್ನೂ ಜೊತೆಗಿಟ್ಟುಕೊಂಡರೆ ತಕರಾರಿಲ್ಲ. ವಿಮೆಯ ಕರಾರಿನಲ್ಲಿ ಛಾವಣಿ ಮತ್ತು ತಳಭಾಗದ ಹಾನಿ ಸೇರಿದೆಯೇ ಎಂದು ಓದಿ ನೋಡಿ, ಬಹಳ ಸಲ ಸೇರಿರುವುದಿಲ್ಲ. ಈ ವಾಹನಗಳ ಎತ್ತರ ಮೂರು ಮೀಟರಿಗೂ ಹೆಚ್ಚು. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿ.

ಹೆಜ್ಜೆ 3: ದಾರಿಯನ್ನು ಅರ್ಧಕ್ಕೆ ಇಳಿಸಿ

ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಹೆಸರಾಂತ ಮಿಲ್ಫೋರ್ಡ್ ಸೌಂಡ್ ನೋಡದೆ ಬಂದಿರಾ ಎಂದು ಈಗಲೂ ಕೇಳುತ್ತಾರೆ. ಹೌದು, ನೋಡಲಿಲ್ಲ. ಕ್ವೀನ್ಸ್‌ಟೌನಿನಿಂದ ಒಂದು ಕಡೆಗೇ ಸುಮಾರು 290 ಕಿ.ಮೀ. ಅದೂ ನಮ್ಮ ಆಗುಂಬೆಯಂತೆ ಮಳೆ ಸುರಿಯುವ ಜಾಗ. ಮೂರು ವರ್ಷದ ಮಗುವಿಗೆ ಅಲ್ಲಿ ಕಾಣುವುದು ಮಂಜು ಮತ್ತು ಅಮ್ಮನ ಸುಸ್ತಾದ ಮುಖ.

ನಮ್ಮ ಲೆಕ್ಕ ಹೀಗಿತ್ತು: ಒಂದು ದಿನಕ್ಕೆ ಹೆಚ್ಚೆಂದರೆ ಮೂರು ಗಂಟೆ ಚಾಲನೆ, ಎರಡು ದಿನಕ್ಕೊಮ್ಮೆ ಪೂರ್ತಿ ಬಿಡುವು. ನಕ್ಷೆ ಮೂರು ಗಂಟೆ ಎಂದರೆ ವ್ಯಾನಿಗೆ, ಮಕ್ಕಳ ಮೂತ್ರ, ವಾಂತಿ, ಕುರಿ ನೋಡುವ ಹಟ ಎಲ್ಲ ಸೇರಿ ನಾಲ್ಕೂವರೆ.

ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ ಸುಮಾರು 225 ಕಿ.ಮೀ. ನಡುವೆ ಜೆರಾಲ್ಡೀನ್‌ನಲ್ಲಿ ಊಟ. ಟೆಕಾಪೊದಲ್ಲಿ ಎರಡು ರಾತ್ರಿ. ಅಲ್ಲಿಂದ 105 ಕಿ.ಮೀ., ಅದರಲ್ಲಿ ಕೊನೆಯ ಅರ್ಧ ಪುಕಾಕಿ ಸರೋವರದ ದಂಡೆ ಹಿಡಿದು ಸಾಗಿದರೆ ಮೌಂಟ್ ಕುಕ್, ಅಲ್ಲಿನ ಮೂಲನಿವಾಸಿ ಮಾವೋರಿಗಳ ಭಾಷೆಯಲ್ಲಿ ಆವೊರಾಕಿ. 3,724 ಮೀಟರ್ ಎತ್ತರದ ಈ ಪರ್ವತದಲ್ಲಿ ಪಳಗಿದ ಮೇಲೆಯೇ ಹಿಲರಿ ಎವರೆಸ್ಟ್‌ಗೆ ಬಂದದ್ದು. ಪುಕಾಕಿಯ ನೀರು ಹಾಲು ಬೆರೆಸಿದ ನೀಲಿ ಬಣ್ಣದ್ದು; ಹಿಮನದಿಯು ಬಂಡೆಯನ್ನು ಅರೆದ ನುಣ್ಣನೆ ಹಿಟ್ಟು ನೀರಿನಲ್ಲಿ ತೇಲುವುದೇ ಇದಕ್ಕೆ ಕಾರಣ. ‘ರಾಗಿ ಹಿಟ್ಟು ಕಲಸಿದ ಹಾಗೆ’ ಎಂದು ಮಗನಿಗೆ ವಿವರಿಸಿದೆ, ಬಣ್ಣ ಹೊಂದುವುದಿಲ್ಲವೆಂದು ಆತ ಒಪ್ಪಲಿಲ್ಲ. ವೈಟ್ ಹಾರ್ಸ್ ಹಿಲ್ ಶಿಬಿರದಿಂದ ಕಿಯಾ ಪಾಯಿಂಟ್‌ವರೆಗಿನ ದಾರಿ ಹೋಗಿಬರಲು ಸುಮಾರು ಒಂದು ಗಂಟೆಯದು, ಚಿಕ್ಕ ಕಾಲುಗಳಿಗೆ ಸಾಕು.

ಬಳಿಕ ಟ್ವೈಝೆಲ್, 971 ಮೀಟರ್ ಎತ್ತರದ ಲಿಂಡಿಸ್ ಪಾಸ್, ವಾನಕಾದಲ್ಲಿ ಎರಡು ರಾತ್ರಿ. ಅಲ್ಲಿಂದ ವೈಟಾಕಿ ಕಣಿವೆಯ ಮೂಲಕ ಒಮರೂ. ಜಗತ್ತಿನ ಅತಿ ಚಿಕ್ಕ ಪೆಂಗ್ವಿನ್‌ಗಳು ಕತ್ತಲಾಗುತ್ತಲೇ ಅಲ್ಲಿ ಕಡಲಿನಿಂದ ದಡಕ್ಕೆ ಬರುತ್ತವೆ. ಫೋಟೊ ತೆಗೆಯುವಂತಿಲ್ಲ, ಅದೇ ಒಳ್ಳೆಯದಾಯಿತು, ನಾವೂ ನೋಡಿದೆವು. ಒಮರೂವಿನಿಂದ 40 ಕಿ.ಮೀ. ದಕ್ಷಿಣಕ್ಕೆ ಮೊಯೆರಾಕಿಯ ಗುಂಡುಬಂಡೆಗಳಿವೆ. ಕಡಲು ಇಳಿತದಲ್ಲಿರುವ ಹೊತ್ತನ್ನು ಮೊದಲೇ ನೋಡಿಕೊಂಡು ಹೋಗಿ. ಕ್ರೈಸ್ಟ್‌ಚರ್ಚ್‌ಗೆ ಮರಳುವಾಗ ಒಟ್ಟು ಸುಮಾರು 1,100 ಕಿ.ಮೀ. ಆಗಿತ್ತು.

ಹೆಜ್ಜೆ 4: ಚೀಲದಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳಿ

ಹೊರಗಿನ ರೋಗ, ಕೀಟ, ಬೀಜ ಒಳಗೆ ಬರದಂತೆ ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ಬಿಗಿ ತಪಾಸಣೆ ನಡೆಸುತ್ತದೆ. ತಂದ ತಿನಿಸನ್ನು ಘೋಷಿಸದಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ವಿಮಾನದಲ್ಲಿ ಕೊಟ್ಟ ಸೇಬನ್ನು ಮಗುವಿನ ಚೀಲದಲ್ಲಿ ಮರೆತರೂ ಅಷ್ಟೇ. ಹಣ್ಣು, ಜೇನುತುಪ್ಪ, ಹಸಿ ಕರಿಬೇವು ಬೇಡವೇ ಬೇಡ. ಅಂಗಡಿಯ ಮೊಹರಿನ ಪೊಟ್ಟಣದ ಸಾರಿನ ಪುಡಿಯಿದ್ದರೂ ಅರ್ಜಿಯಲ್ಲಿ ‘ಇದೆ’ ಎಂದೇ ಬರೆಯಿರಿ. ಘೋಷಿಸಿದ ವಸ್ತುವನ್ನು ಅವರು ತೆಗೆದಿಟ್ಟುಕೊಳ್ಳಬಹುದು, ದಂಡ ಹಾಕುವುದಿಲ್ಲ. ಮಣ್ಣು ಮೆತ್ತಿದ ಶೂಗಳನ್ನು ತೊಳೆದೇ ಒಯ್ಯಿರಿ. ಅಕ್ಕಿ, ಬೇಳೆ, ಸಾಸಿವೆ, ಮೊಸರು ಎಲ್ಲವೂ ಕ್ರೈಸ್ಟ್‌ಚರ್ಚ್‌ನಲ್ಲೇ ಸಿಗುತ್ತವೆ.

ಸಣ್ಣ ಕುಕ್ಕರ್ ಒಂದನ್ನು ಒಯ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬೆಳಿಗ್ಗೆ ಅವಲಕ್ಕಿ ಅಥವಾ ಬ್ರೆಡ್ಡು, ಮಧ್ಯಾಹ್ನ ಡಬ್ಬಿಯ ಮೊಸರನ್ನ, ರಾತ್ರಿ ಬಿಸಿ ಸಾರು. ಒಗ್ಗರಣೆಯನ್ನು ಹಾಲಿಡೇ ಪಾರ್ಕ್‌ನ, ಅಂದರೆ ವ್ಯಾನುಗಳಿಗೆ ಬಾಡಿಗೆಗೆ ಜಾಗ ಕೊಡುವ ತಂಗುದಾಣದ, ಸಾಮೂಹಿಕ ಅಡುಗೆಮನೆಯಲ್ಲಿ, ಮೂರು ದಿನಕ್ಕಾಗುವಷ್ಟು ಒಂದೇ ಸಲ ಹಾಕಿ ಸೀಸೆಯಲ್ಲಿ ತುಂಬಿಟ್ಟೆವು. ಅಲಾರಂ ಮತ್ತೆ ಕೂಗಲಿಲ್ಲ.

ಹೆಜ್ಜೆ 5: ಇಳಿದ ದಿನ ಓಡಿಸಬೇಡಿ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಏಪ್ರಿಲ್ ಮೊದಲ ಭಾನುವಾರದ ನಂತರ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದಿರುತ್ತದೆ, ಅದಕ್ಕೂ ಮೊದಲಾದರೆ ಏಳೂವರೆ. ನಿದ್ದೆಗೆಟ್ಟು ಮೂರೂವರೆ ಟನ್ ವಾಹನ ಹಿಡಿಯುವುದು ದುಸ್ಸಾಹಸ. ಮೊದಲ ರಾತ್ರಿ ಹೋಟೆಲಿನಲ್ಲಿ ಮಲಗಿ. ಕ್ರೈಸ್ಟ್‌ಚರ್ಚ್‌ನ ಮಾರ್ಗರೆಟ್ ಮಾಹಿ ಆಟದ ಮೈದಾನದಲ್ಲಿ ಮಕ್ಕಳು ಅರ್ಧ ದಿನ ದಣಿಯಲಿ, ಮರುದಿನ ವ್ಯಾನ್ ಪಡೆಯಿರಿ. ಪಡೆಯುವಾಗ ಅವಸರಪಡಿಸಿದರೂ ಜಗ್ಗದೆ ಪ್ರತಿಯೊಂದನ್ನೂ ಮಾಡಿಸಿ ನೋಡಿ, ವಿಡಿಯೊ ಮಾಡಿಕೊಳ್ಳಿ. ನೀರು ತುಂಬುವ ಮುಚ್ಚಳ ಯಾವುದು, ಡೀಸೆಲ್ ಮುಚ್ಚಳ ಯಾವುದು ಎಂಬುದನ್ನು ಎರಡು ಸಲ ಕೇಳಿ. ಬದಲಾಯಿಸಿ ತುಂಬಿದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಹೆಜ್ಜೆ 6: ರಸ್ತೆಯಲ್ಲಿ

ಹೆದ್ದಾರಿಯಲ್ಲಿ ಮಿತಿ 100 ಕಿ.ಮೀ., 3,500 ಕಿಲೋಗಿಂತ ಭಾರದ ವಾಹನಕ್ಕೆ 90. ತಿರುವುಗಳಲ್ಲಿ 60 ದಾಟುವ ಧೈರ್ಯ ನಮಗೆ ಬರಲಿಲ್ಲ. ಹಿಂದೆ ನಾಲ್ಕು ಕಾರು ಸೇರಿದರೆ ಅಗಲ ಜಾಗ ನೋಡಿ ಬದಿಗೆ ಸರಿದು ದಾರಿ ಬಿಡಿ; ಹಾರ್ನ್ ಹೊಡೆಯುವ ಪದ್ಧತಿ ಅಲ್ಲಿಲ್ಲ, ಕೋಪ ಮಾತ್ರ ಇದೆ. ಒಂದೇ ವಾಹನ ಹಿಡಿಯುವ ಸೇತುವೆಗಳು ಬಹಳ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಿಂತು ಎದುರಿನವರಿಗೆ ಬಿಡಬೇಕು. ನೀಲಿ ಫಲಕದಲ್ಲಿ ದೊಡ್ಡ ಬಿಳಿ ಬಾಣ ನಿಮ್ಮದಾದರೆ ಆದ್ಯತೆ ನಿಮ್ಮದು. ಹೊರಡುವ ಮುನ್ನ ಗ್ಯಾಸ್ ಬಂದ್, ಕಪಾಟುಗಳಿಗೆ ಚಿಲಕ. ಈ ತಪಾಸಣೆಯನ್ನು ಮಗನಿಗೆ ವಹಿಸಿದ್ದೆವು. ಚಿಲಕ ಹಾಕದ ದಿನ ತಟ್ಟೆಗಳು ಉರುಳಿದ್ದು ನಾನು ಅವನ ಕೆಲಸ ಕಿತ್ತುಕೊಂಡಿದ್ದರಿಂದ.

ಗಾಳಿಯ ಬಗ್ಗೆ ಒಂದು ಮಾತು: ಟೆಕಾಪೊ ಸುತ್ತಲಿನ ಬಯಲಿನಲ್ಲಿ ವಾಯವ್ಯದ ಗಾಳಿ ಬೀಸಿದರೆ ತೆರೆದ ಬಾಗಿಲು ಕೀಲಿನಿಂದಲೇ ಮುರಿಯುತ್ತದೆ. ಬಾಗಿಲು ತೆರೆಯುವುದು ದೊಡ್ಡವರ ಕೆಲಸವೆಂದು ಮೊದಲ ದಿನವೇ ಕಟ್ಟಪ್ಪಣೆಯಾಗಲಿ.

ಹೆಜ್ಜೆ 7: ಎಲ್ಲಿ ತಂಗುವುದು, ಶೌಚದ ತೊಟ್ಟಿಯನ್ನು ಹೇಗೆ ಖಾಲಿ ಮಾಡುವುದು

ಕೆರೆಯ ದಂಡೆಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಉಚಿತ ತಂಗುವಿಕೆಗೆ 2011ರ ಕಾನೂನಿದೆ, 2023ರಲ್ಲಿ ಅದು ಇನ್ನಷ್ಟು ಬಿಗಿಯಾಗಿದೆ. ಸ್ಥಿರ ಶೌಚಾಲಯವಿದ್ದು ಪ್ರಮಾಣಪತ್ರ ಪಡೆದ ವಾಹನಕ್ಕೂ ಪ್ರತಿ ಊರಿನ ಆಡಳಿತ ತನ್ನದೇ ನಿಯಮ ಮಾಡಿರುತ್ತದೆ. ತಪ್ಪಿದರೆ ನೂರಾರು ಡಾಲರ್ ದಂಡ. ಜಾಗ ಹುಡುಕಲು ಕ್ಯಾಂಪರ್‌ಮೇಟ್ ಎಂಬ ಆ್ಯಪ್ ಸಾಕು. ಮಕ್ಕಳಿದ್ದರೆ ಎರಡು ರಾತ್ರಿಯಲ್ಲಿ ಒಂದಾದರೂ ಹಾಲಿಡೇ ಪಾರ್ಕ್‌ನಲ್ಲಿ, ವಿದ್ಯುತ್ ಸಂಪರ್ಕವಿರುವ ಜಾಗದಲ್ಲಿ ಕಳೆಯಿರಿ. ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ, ಜೋಕಾಲಿ, ರಾತ್ರಿಯಿಡೀ ಹೀಟರ್ ಎಲ್ಲವೂ ಸಿಗುತ್ತವೆ.

ಇನ್ನು ಆ ಕೆಲಸ. ಶೌಚಾಲಯದ ಕೆಳಗೆ ಸುಮಾರು ಇಪ್ಪತ್ತು ಲೀಟರಿನ ಪೆಟ್ಟಿಗೆಯಿರುತ್ತದೆ, ಕ್ಯಾಸೆಟ್ ಎನ್ನುತ್ತಾರೆ. ನಾಲ್ವರಿಗೆ ಎರಡು ದಿನಕ್ಕೆ ತುಂಬುತ್ತದೆ. ಕೈಗವಸು ಹಾಕಿ. ಒಳಗಿನ ಕವಾಟ ಮುಚ್ಚಿದೆಯೇ ಎಂದು ನೋಡಿ, ಬಳಿಕ ಹೊರಗಿನ ಕಿಂಡಿಯಿಂದ ಪೆಟ್ಟಿಗೆ ಎಳೆಯಿರಿ. ಕೊಳಚೆ ಸುರಿಯಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಕೊಳವೆಯ ಮುಚ್ಚಳ ತೆಗೆದು, ಗಾಳಿಯ ಗುಂಡಿ ಒತ್ತಿಕೊಂಡೇ ಬಗ್ಗಿಸಿ. ಗುಂಡಿ ಒತ್ತದಿದ್ದರೆ ಗುಳುಗುಳು ಎಂದು ನಿಮ್ಮ ಪ್ಯಾಂಟಿಗೇ ಚಿಮ್ಮುತ್ತದೆ. ಇದು ಕೇಳಿದ ಮಾತಲ್ಲ. ಎರಡು ಸಲ ತೊಳೆದು, ಸ್ವಲ್ಪ ನೀರು ಮತ್ತು ಕಂಪನಿ ಕೊಟ್ಟ ರಾಸಾಯನಿಕ ಹಾಕಿ ಹಿಂದಕ್ಕೆ ಕೂರಿಸಿ. ಪಾತ್ರೆ ತೊಳೆದ ನೀರಿನ ಟ್ಯಾಂಕನ್ನೂ ಅಲ್ಲಿಯೇ ಖಾಲಿ ಮಾಡಬೇಕು. ಅಲ್ಲಿ ಸಾಮಾನ್ಯವಾಗಿ ಎರಡು ನಲ್ಲಿಗಳಿರುತ್ತವೆ. ಪೆಟ್ಟಿಗೆ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ಹಿಡಿಯಬೇಡಿ, ಫಲಕ ಓದಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸರದಿ ಎಂದು ಒಪ್ಪಂದವಾಗಿತ್ತು. ಒಂಬತ್ತು ದಿನವೂ ಸರದಿ ನನ್ನದೇ ಆಗಿತ್ತು.

ಹೆಜ್ಜೆ 8: ಒಪ್ಪಿಸುವ ದಿನ

ಹಿಂದಿನ ರಾತ್ರಿ ನಗರದ ಹತ್ತಿರವೇ ತಂಗಿ. ಟ್ಯಾಂಕುಗಳು ಖಾಲಿ, ಡೀಸೆಲ್ ಭರ್ತಿ, ಕಸ ಹೊರಗೆ. ಡೀಸೆಲ್ ವಾಹನವಾದರೆ ಓಡಿದ ಪ್ರತಿ ಕಿಲೋಮೀಟರಿಗೂ ಸರ್ಕಾರದ ರಸ್ತೆ ಶುಲ್ಕವಿದೆ, ವಾಪಸು ಕೊಡುವಾಗ ಬಿಲ್ಲಿನಲ್ಲಿ ಬರುತ್ತದೆ. ಗಾಬರಿಯಾಗಬೇಡಿ, ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕೊನೆಗೆ ಮಕ್ಕಳ ಸೀಟಿನ ಸಂದಿಯಲ್ಲಿ ಕೈಯಾಡಿಸಿ. ನಮಗೆ ಎರಡು ಬಣ್ಣದ ಕಡ್ಡಿ, ಒಂದು ಕಾಲುಚೀಲ, ಮೊಯೆರಾಕಿಯ ಒಂದು ಹಿಡಿ ಮರಳು ಮತ್ತು ನಾಲ್ಕು ದಿನದಿಂದ ಪರಸ್ಪರ ದೂಷಿಸುತ್ತಾ ಹುಡುಕುತ್ತಿದ್ದ ವ್ಯಾನಿನ ಎರಡನೇ ಕೀಲಿಕೈ ಸಿಕ್ಕವು.