ಮಾಸ್ಟರ್ ಕೀ ಹಾಕಿಸುವ ಮುಂಚೆ

ಆಫೀಸಿಗೋ ಗೋದಾಮಿಗೋ ಹೊಸ ಬೀಗ ಹಾಕಿಸುತ್ತಿದ್ದೀರಾ? ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಬಾಗಿಲು, ಯಾರು ತೆರೆಯಬೇಕು, ಯಾವ ಹೊತ್ತಿನಲ್ಲಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಎಲ್ಲಾ ಬಾಗಿಲಿಗೂ ಒಂದೇ ಮಾಸ್ಟರ್ ಕೀ ಅಂದರೆ ಆರಾಮ, ನಿಜ. ಆದರೆ ಅದು ಕಳೆದರೆ ಅಷ್ಟೂ ಬೀಗಗಳ ಪಿನ್ (ಕೀ ಹಲ್ಲಿಗೆ ಹೊಂದಿಕೊಳ್ಳುವ ಒಳಗಿನ ಸಣ್ಣ ಕಡ್ಡಿಗಳು) ಬದಲಿಸಬೇಕು. ಇನ್ನೊಂದು ವಿಷಯವೂ ಇದೆ. ಆ ಬಾಗಿಲಿನ ಸಾಮಾನ್ಯ ಕೀ, ಮಾಸ್ಟರ್ ಕೀ ಎರಡಕ್ಕೂ ತೆರೆಯಲಿ ಅಂತ ಬೀಗದೊಳಗೆ ಹೆಚ್ಚುವರಿ ಪಿನ್ ತುಂಡು ಹಾಕುತ್ತಾರೆ. ಬೀಗ ತೆರೆಯುವ ದಾರಿ ಹೆಚ್ಚಾದರೆ ಕಳ್ಳನಿಗೂ ಅದು ಅನುಕೂಲವೇ ಅಲ್ವಾ? ಒಂದು ಸಾಮಾನ್ಯ ಕೀ, ಒಂದಷ್ಟು ಖಾಲಿ ಕೀ (ಇನ್ನೂ ಹಲ್ಲು ಕೊರೆಯದ ಕೀ) ಇದ್ದರೆ ಮಾಸ್ಟರ್ ಕೀಯನ್ನೇ ಕಂಡುಹಿಡಿಯಬಹುದು ಅಂತ ಮ್ಯಾಟ್ ಬ್ಲೇಜ್ ಎಂಬ ಸಂಶೋಧಕರು 2003ರಲ್ಲೇ ತೋರಿಸಿದ್ದರು. ಹಾಗಾಗಿ ಸರ್ವರ್ ರೂಮ್, ಕ್ಯಾಶ್ ರೂಮ್ ಎರಡೂ ಮಾಸ್ಟರ್‌ನಿಂದ ಹೊರಗಿರಲಿ.

ಕೀ ಮೇಲೆ 'ನಕಲು ಮಾಡಬೇಡಿ' ಅಂತ ಅಚ್ಚು ಹಾಕಿದರೆ ಅದು ಸುಮ್ನೆ ಬರಹ ಅಷ್ಟೇ. ಪೇಟೆಂಟ್ ಇರುವ ಕೀ ಕೇಳಿ. ಅದರ ಖಾಲಿ ಕೀ ಎಲ್ಲೆಂದರಲ್ಲಿ ಸಿಗುವುದಿಲ್ಲ. ಪೇಟೆಂಟ್ ಯಾವ ವರ್ಷ ಮುಗಿಯುತ್ತದೆ ಅಂತಲೂ ಕೇಳಿ.

ಕೆಲಸದವರು ಆಗಾಗ ಬದಲಾಗುವ ಕಡೆ ಕಾರ್ಡ್ ರೀಡರ್ ವಾಸಿ. ಕಾರ್ಡ್ ಕಳೆದರೆ ಅದೊಂದನ್ನೇ ರದ್ದು ಮಾಡಬಹುದು. ಕರೆಂಟ್ ಹೋದಾಗ ಆ ಬಾಗಿಲು ತೆರೆದುಕೊಳ್ಳುತ್ತದೋ, ಲಾಕ್ ಆಗಿಯೇ ಇರುತ್ತದೋ, ಮೊದಲೇ ತಿಳಿದುಕೊಳ್ಳಿ.